ಸುರಂಗದೊಳಗೆ ಹಳಿ ಬದಲಿಸೋದು ಅಂದ್ರೆ…

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ ಹಳಿ ಕೆಲಸ, ರೈಲು ರದ್ದು ಅಂದ್ರೆ ಸಾಕು, ನಾವೆಲ್ಲ ಬೈಕೊಳ್ತೀವಿ. ಅಲ್ಲಿರೋದು 57 ಸುರಂಗ! ಘಟ್ಟದ ಮಳೆನೀರು ಬಂಡೆಯ ಬಿರುಕಿನಿಂದ ತೊಟ್ಟಿಕ್ಕುತ್ತೆ. ಒಳಗೆ ಬಿಸಿಲಿಲ್ಲ, ಗಾಳಿ ಆಡಲ್ಲ. ಹಳಿ ಒಣಗೋದು ಯಾವಾಗ? ಚಕ್ರ ಉಜ್ಜೋ ಮೇಲ್ಭಾಗ ಫಳಫಳ ಹೊಳೀತಿರುತ್ತೆ. ತುಕ್ಕು ತಿನ್ನೋದು ಅಡಿಭಾಗವನ್ನ, ಅದೂ ಕ್ಲಿಪ್ ಕೂರುವ ಜಾಗದಲ್ಲಿ.

ಮೀಟರಿಗೆ 60 ಕೆಜಿ ತೂಗುವ ಹಳಿಯ 13 ಮೀಟರ್ ತುಂಡು ಅಂದ್ರೆ 780 ಕೆಜಿ. ಎರಡೂ ಕಡೆ ಗೋಡೆ, 50ಕ್ಕೆ 1ರ ಇಳಿಜಾರು. ಬೆಸುಗೆ ಹಾಕಿದ್ರೆ ಹೊಗೆ ಬೇಗ ಹೋಗಲ್ಲ. ಇರೋದು ಒಂದೇ ಲೈನು, ಹೊತ್ತಿಗೆ ಸರಿಯಾಗಿ ಬಿಟ್ಟುಕೊಡಬೇಕು. ನನ್ನ ಕೇಳಿದ್ರೆ, ರೈಲು ಇನ್ನೆರಡು ದಿನ ನಿಂತರೂ ಸರಿ, ಈ ಜನರಿಗೆ ಅವಸರ ಮಾಡಬಾರದು. ಮುಂದಿನ ಸಲ ಹೋದಾಗ ಗೋಡೆಯಲ್ಲಿರೋ ಸಣ್ಣ ಗೂಡುಗಳನ್ನ ಗಮನಿಸಿ. ರೈಲು ಬಂದ್ರೆ ಅವರು ಒತ್ತಿಕೊಂಡು ನಿಲ್ಲೋದು ಅಲ್ಲೇ.