ಅಂಕಿಗಳ ನಡುವೆ ಹಂಸ

ಮಳೆಗಾಲದಲ್ಲಿ ಶಿರಸಿಯಿಂದ ಸೋಂದೆಗೆ ಹೋಗುವವರು ಮುಂಡಿಗೆಕೆರೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಅಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ದೂರದಿಂದಲೇ ಹಕ್ಕಿಯ ಗುರುತು ಹತ್ತುತ್ತದೆ, ಅದು ಹಾರುವ ರೀತಿಯಿಂದ.

ಹಾಗೆ ನಡೆಯಿಂದಲೇ ಹಕ್ಕಿಯನ್ನು ಗುರುತಿಸಬೇಕಾದ ಒಂದು ಗ್ರಂಥ ಕನ್ನಡದಲ್ಲಿದೆ. ಕುಮುದೇಂದು ಮುನಿಯ ‘ಸಿರಿಭೂವಲಯ’. ಅದರಲ್ಲಿ ಅಕ್ಷರಗಳಿಲ್ಲ, ಬರೀ ಅಂಕಿಗಳು. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚೌಕ. ಪ್ರತಿ ಮನೆಯಲ್ಲಿ 1ರಿಂದ 64ರೊಳಗಿನ ಒಂದು ಅಂಕಿ. ಒಂದೊಂದು ಅಂಕಿಗೂ ಒಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂದು ತಿಳಿಸುವುದು ಬಂಧ. ಹಂಸಬಂಧ, ಮಯೂರಬಂಧ, ಕ್ರೌಂಚಬಂಧ ಎಂದು ಕೆಲವಕ್ಕೆ ಹಕ್ಕಿಗಳ ಹೆಸರು. ಪುಟದಲ್ಲಿ ಹಂಸದ ಚಿತ್ರ ಹುಡುಕಿದರೆ ಸಿಗದು. ಹಕ್ಕಿ ಇರುವುದು ಓದುವ ದಾರಿಯಲ್ಲಿ.

ಇದರಲ್ಲಿ 718 ಭಾಷೆಗಳಿವೆ ಎನ್ನುವವರುಂಟು. ಅದರ ಕಾಲದ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗಂತೂ ಯಲ್ಲಪ್ಪ ಶಾಸ್ತ್ರಿಗಳು, ಕರ್ಲಮಂಗಲಂ ಶ್ರೀಕಂಠಯ್ಯನವರು ಮನೆಯಿಂದ ಮನೆಗೆ ದಾಟುತ್ತ ಓದಿದ ತಾಳ್ಮೆಯೇ ದೊಡ್ಡದು. ಅದರ ಫಲ 1953ರಲ್ಲಿ ಅಚ್ಚಾಯಿತು.

ಅಂಥದೇ ತಾಳ್ಮೆಯ ಓದಿಗೆ ಕಾದಿರುವ ತಾಳೆಗರಿಯ ಕಟ್ಟುಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲೂ ಇರಬಹುದು. ನಿಮ್ಮ ಅಟ್ಟದಲ್ಲಿ ಸಿಕ್ಕರೆ, ಓದಲು ಬಾರದೆಂದು ಹೊಳೆಗೆ ಬಿಡಬೇಡಿ. ಬಲ್ಲವರಿಗೆ ತೋರಿಸಿ.