ಮಕ್ಕಳಿಂದ ನೋಯುವ ಹೆತ್ತವರ ಜೊತೆ ನಿಲ್ಲೋಣ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಮತ್ತು ಗ್ರಾಮ ಕಾರ್ಯಕರ್ತರ ತರಬೇತಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ವಾರದ ಸಭೆಯಲ್ಲಿ ನಾವು ಎಷ್ಟೋ ವಿಷಯ ಮಾತಾಡುತ್ತೇವೆ. ಉಳಿತಾಯ, ಸಾಲ, ಹಸುವಿನ ವಿಮೆ, ಮಕ್ಕಳ ಓದು, ಗಂಡನ ಕುಡಿತ. ಗಂಡ ಹೊಡೆದರೆ ಈಗೀಗ ಹೆಂಗಸರು ಬಾಯಿಬಿಟ್ಟು ಹೇಳುತ್ತಾರೆ. ಮೊದಲು ಅದನ್ನೂ ಹೇಳುತ್ತಿರಲಿಲ್ಲ. ಆದರೆ ಮಗ ಹೊಡೆದರೆ? ಮಗಳು ಊಟಕ್ಕೆ ಕರೆಯದಿದ್ದರೆ? ಆ ಮಾತು ಇವತ್ತಿಗೂ ಹೊಸಿಲು ದಾಟುವುದಿಲ್ಲ. "ಬಚ್ಚಲಲ್ಲಿ ಜಾರಿಬಿದ್ದೆ ಸಿಸ್ಟರ್", "ಹಸು ಹಾಯ್ತು" ಅಂತಾರೆ. ನಾವೂ ಅಷ್ಟಕ್ಕೇ ಸುಮ್ಮನಾಗುತ್ತೇವೆ. ಇವತ್ತು ಸುಮ್ಮನಾಗದೆ ಇರುವುದು ಹೇಗೆ ಎಂದು ಕಲಿಯೋಣ.

ಯಾವುದು ದೌರ್ಜನ್ಯ?

ಕೈ ಮಾಡುವುದೊಂದೇ ದೌರ್ಜನ್ಯ ಅಲ್ಲ. ಪಿಂಚಣಿ ಬಂದ ದಿನ ದುಡ್ಡು ಕಿತ್ತುಕೊಳ್ಳುವುದು, ತಾಯಿಯ ಗೃಹಲಕ್ಷ್ಮಿ ಹಣದ ಎ.ಟಿ.ಎಂ. ಕಾರ್ಡು ಮಗನ ಜೇಬಿನಲ್ಲಿರುವುದು, ಯಾವ ಕಾಗದ ಎಂದು ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತಂದುಕೊಡದಿರುವುದು, "ನೀನು ಯಾವಾಗ ಸಾಯ್ತೀಯಾ" ಎಂದು ದಿನಾ ಕೇಳುವುದು, ಕೊಟ್ಟಿಗೆಯ ಮೂಲೆಗೆ ಹಾಸಿಗೆ ಹಾಕುವುದು, ಮೊಮ್ಮಕ್ಕಳನ್ನು ಹತ್ತಿರ ಬಿಡದಿರುವುದು. ಇವೆಲ್ಲವೂ ದೌರ್ಜನ್ಯವೇ.

ಇದು ನಮ್ಮ ಊರಿಗೆ ಮಾತ್ರ ಅಂಟಿದ ರೋಗ ಎಂದುಕೊಳ್ಳಬೇಡಿ. 60 ವರ್ಷ ದಾಟಿದ ಪ್ರತಿ 6 ಜನರಲ್ಲಿ ಸುಮಾರು ಒಬ್ಬರು ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೆಲ್ಲ ಮಕ್ಕಳಿಂದಲೇ ಅಂತ ಅಲ್ಲ. ಆದರೆ ಬಹಳಷ್ಟು ಮನೆಯೊಳಗೇ ನಡೆಯುತ್ತದೆ. ಈ ವಿಷಯಕ್ಕೆಂದೇ ವಿಶ್ವಸಂಸ್ಥೆ 2011ರಲ್ಲಿ ಜೂನ್ 15ನ್ನು ಜಾಗೃತಿ ದಿನವೆಂದು ಒಪ್ಪಿಕೊಂಡಿತು. ಇನ್ನೊಂದು ಮಾತು. ನೋಯುವವರೆಲ್ಲ ಮುದುಕರಲ್ಲ. 45, 50 ವರ್ಷದ ತಾಯಂದಿರೂ 20, 22ರ ಮಗನ ಕೈಯಲ್ಲಿ ಏಟು ತಿನ್ನುತ್ತಾರೆ.

ಯಾಕೆ ಹೇಳುವುದಿಲ್ಲ?

ಮೊದಲನೆಯದು ಮಾನ. "ನಾವು ಬೆಳೆಸಿದ್ದೇ ಸರಿಯಿಲ್ಲ ಅಂತಾರೆ" ಎಂಬ ಸಂಕಟ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಗಾದೆ ಹೇಳಿ ಊರವರು ಗಾಯಕ್ಕೆ ಉಪ್ಪು ಸವರುತ್ತಾರೆ.

ಎರಡನೆಯದು ಭಯ. "ನಾಳೆಯಿಂದ ಅನ್ನ ಹಾಕೋರು ಯಾರು? ಸತ್ತರೆ ಮಣ್ಣು ಹಾಕೋನು ಅವನೇ ತಾನೇ?" ಈ ಭಯ ಸುಳ್ಳಲ್ಲ. ಅದನ್ನು ಹಗುರವಾಗಿ ನೋಡಬಾರದು.

ಮೂರನೆಯದು ಪ್ರೀತಿ. ನಮಗೆ ಅರ್ಥವಾಗಲು ಕಷ್ಟವಾಗುವುದು ಇದೇ. ಕೆನ್ನೆ ಊದಿಸಿಕೊಂಡು ಬಂದ ತಾಯಿ, "ಪೊಲೀಸಿಗೆ ಹೇಳಬೇಡಿ, ಅವನನ್ನು ಹೊಡೀತಾರೆ" ಅಂತಾಳೆ. ನಾವು ಸಿಟ್ಟು ಮಾಡಿಕೊಂಡು, "ಹಾಗಾದ್ರೆ ಅನುಭವಿಸು" ಎಂದುಬಿಡುತ್ತೇವೆ. ಅವಳು ಹೇಳುತ್ತಿರುವುದು ಎರಡು ಮಾತು: ನನ್ನ ಮಗನಿಗೆ ಏನೂ ಆಗಬಾರದು, ಅವನು ನನ್ನನ್ನು ಹೊಡೆಯಲೂಬಾರದು. ಈ ಎರಡೂ ನ್ಯಾಯವಾದ ಆಸೆಗಳೇ. ನಮ್ಮ ಕೆಲಸವೆಲ್ಲ ಇವೆರಡರ ಮೇಲೆ ನಿಂತಿದೆ. ರಕ್ಷಣೆ ಕೇಳುವುದು ಎಂದರೆ ಮಗನನ್ನು ಕೈಬಿಡುವುದಲ್ಲ, ಅವನಿಗೆ ಶಾಪ ಹಾಕುವುದೂ ಅಲ್ಲ. ಈ ಒಂದು ಮಾತು ಆ ತಾಯಿಯ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಆದಂತೆ.

ಕೇಳುವುದು ಹೇಗೆ?

1. ಒಬ್ಬರೇ ಇರುವಾಗ ಮಾತಾಡಿಸಿ. ಮಗ ಸೊಸೆಯ ಎದುರು "ಚೆನ್ನಾಗಿ ನೋಡ್ಕೋತಾರಾ ಅಜ್ಜಿ?" ಎಂದು ಕೇಳಿದರೆ ಒಂದೇ ಉತ್ತರ ಬರುತ್ತದೆ.

2. ನೇರವಾಗಿ "ಮಗ ಹೊಡಿತಾನಾ" ಎಂದು ಶುರು ಮಾಡಬೇಡಿ. "ರಾತ್ರಿ ನಿದ್ದೆ ಬರುತ್ತಾ? ಮನೇಲಿ ಯಾರಿಗಾದ್ರೂ ಹೆದರಿಕೆ ಆಗುತ್ತಾ?" ಎಂದು ಕೇಳಿ. ಆಮೇಲೆ ಸುಮ್ಮನಿರಿ. ಅವರಿಗೆ ಹೊತ್ತು ಬೇಕು.

3. "ಸಹಿಸಿಕೊಳ್ಳಿ, ಎಲ್ಲರ ಮನೇಲೂ ಇದ್ದದ್ದೇ" ಅನ್ನಬೇಡಿ. "ಮನೆ ಬಿಟ್ಟು ಬನ್ನಿ" ಎಂದೂ ಅವಸರ ಮಾಡಬೇಡಿ. ತೀರ್ಮಾನ ಅವರದು.

4. ಕೇಳಿದ್ದನ್ನು ಬಾವಿಕಟ್ಟೆಯಲ್ಲಿ ಹೇಳಬೇಡಿ. ಮಾತು ಮಗನ ಕಿವಿಗೆ ಬಿದ್ದರೆ ಆ ರಾತ್ರಿ ಏಟು ತಿನ್ನುವುದು ತಾಯಿ.

5. ಪಂಚಾಯಿತಿ ಕೂರಿಸಿ ಇಬ್ಬರನ್ನೂ ಎದುರುಬದುರು ನಿಲ್ಲಿಸುವ ಮೊದಲು, ಅವಳು ಸುರಕ್ಷಿತಳಾಗಿದ್ದಾಳೆಯೇ ನೋಡಿ. ಹೆದರಿದವಳು ಎಲ್ಲರ ಮುಂದೆ "ನನ್ನ ಮಗ ಚಿನ್ನದಂಥವನು" ಅಂತಾಳೆ. ಅದನ್ನು ರಾಜಿ ಅನ್ನಲಾಗದು.

ಒಂದು ಮನೆಯ ಕಥೆ

ಗುರುತು ಸಿಗದಂತೆ ಬದಲಾಯಿಸಿ ಹೇಳುತ್ತೇನೆ. ವಿಧವೆ ತಾಯಿ, ಒಬ್ಬನೇ ಮಗ, ಎರಡು ಹಸು. ಡೈರಿಯ ಹಾಲಿನ ಬಟವಾಡೆ ಆದ ದಿನವೇ ಮಗ ಕುಡಿದು ಬಂದು ಹೊಡೆಯುತ್ತಿದ್ದ. ಸಂಘದ ಹೆಂಗಸರು ಮಗನ ಮೇಲೆ ಜಗಳಕ್ಕೆ ಹೋಗಲಿಲ್ಲ. ಮೊದಲು ತಾಯಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಹಳೆಯ ಎ.ಟಿ.ಎಂ. ಕಾರ್ಡು ನಿಲ್ಲಿಸಿದರು. ಮನೆಪತ್ರ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸು ಒಬ್ಬ ಸದಸ್ಯೆಯ ಮನೆಯಲ್ಲಿಟ್ಟರು. ಮಗನ ಬೈಕಿನ ಸದ್ದು ಕೇಳಿದರೆ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಹೋಗುವುದೆಂದು ಮಾತಾಯಿತು. ಬಟವಾಡೆಯ ರಾತ್ರಿ ಇಬ್ಬರು ಹೆಂಗಸರು ಅವಳ ಜೊತೆಗೇ ಮಲಗುತ್ತಿದ್ದರು. ದುಡ್ಡೂ ಸಿಗದೆ ಹೊಡೆಯಲೂ ಆಗದೆ ಮಗ ಹತ್ತು ದಿನ ಕೂಗಾಡಿದ. ಒಂದು ದಿನ ಕುಡಿಯದೆ ಇದ್ದ ಹೊತ್ತಲ್ಲಿ ತಾಯಿಯೇ ಹೇಳಿದಳು: "ನೀನು ಬೇಕು ಕಣಪ್ಪ. ನಿನ್ನ ಏಟು ಬೇಡ. ಇನ್ನೊಂದು ಸಲ ಕೈ ಎತ್ತಿದ್ರೆ ಅರ್ಜಿ ಕೊಡ್ತೀನಿ." ಅರ್ಜಿ ಬರೆದು ಇಟ್ಟದ್ದೂ ಇತ್ತು.

ಅವನು ಚಿಕಿತ್ಸೆಗೆ ಹೋದ. ಐದು ತಿಂಗಳು ಚೆನ್ನಾಗಿದ್ದ. ಮತ್ತೆ ಕುಡಿದ, ಮತ್ತೆ ಹೋದ. ಇವತ್ತೂ ಪೂರ್ತಿ ಬಿಟ್ಟಿದ್ದಾನೆ ಎಂದು ಹೇಳಲಾರೆ. ಆದರೆ ಆವತ್ತಿನಿಂದ ಅವಳ ಮೇಲೆ ಏಟು ಬಿದ್ದಿಲ್ಲ. ತಾಯಿಯ ರಕ್ಷಣೆಯನ್ನು ಮಗ ಸರಿಹೋಗುವ ತನಕ ಕಾಯಿಸಬಾರದು ಎನ್ನುವುದಕ್ಕೆ ಇದನ್ನು ಹೇಳಿದೆ.

ಕುಡಿತ, ಮನೋರೋಗ ಇದ್ದಾಗ

ಕುಡಿದಿರುವಾಗ ಬುದ್ಧಿ ಹೇಳುವುದು ವ್ಯರ್ಥ, ಅಪಾಯ ಕೂಡ. ಇಳಿದ ಮೇಲೆ ಮಾತಾಡಬೇಕು. ದಿನಾ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬಾರದು. ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು, ಜೀವಕ್ಕೂ ಅಪಾಯ. ಆಸ್ಪತ್ರೆಗೇ ಕರೆದೊಯ್ಯಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಟೆಲಿ ಮನಸ್ 14416ಕ್ಕೆ ಹೆತ್ತವರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇದೆ ಎಂದರೆ ಏಟು ತಿನ್ನಬೇಕು ಅಂತಲ್ಲ. ಚಿಕಿತ್ಸೆಯೂ ಬೇಕು, ರಕ್ಷಣೆಯೂ ಬೇಕು.

ಹೊಡೆಯುವ ಮಗ ಅಥವಾ ಮಗಳು 18ರ ಒಳಗಿನವರಾದರೆ ದಾರಿ ಬೇರೆ. ಅಲ್ಲಿ ಆಪ್ತಸಲಹೆ, ಶಾಲೆಯ ಗುರುಗಳು, ಮಕ್ಕಳ ಸಹಾಯವಾಣಿ 1098 ಮೊದಲು ಬರಬೇಕು.

ಕಾನೂನು ಏನು ಹೇಳುತ್ತದೆ?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ರಕ್ಷಣೆ ಕಾಯ್ದೆಯನ್ನು ಪ್ರತಿಯೊಬ್ಬ ಕಾರ್ಯಕರ್ತರೂ ತಿಳಿದಿರಬೇಕು. ತಮ್ಮ ದುಡಿಮೆ, ಆಸ್ತಿಯಿಂದ ಬದುಕಲಾಗದ ತಂದೆತಾಯಿ ವಯಸ್ಕ ಮಕ್ಕಳಿಂದ ಜೀವನಾಂಶ ಕೇಳಬಹುದು. ಇದಕ್ಕೆ ತಂದೆತಾಯಿಗೆ 60 ಆಗಿರಲೇಬೇಕು ಅಂತಿಲ್ಲ. ಹೆಣ್ಣುಮಕ್ಕಳಿಗೂ ಈ ಹೊಣೆ ಇದೆ. ನಮ್ಮ ರಾಜ್ಯದಲ್ಲಿ ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ.ಯವರ ಕಚೇರಿಯ ನ್ಯಾಯಮಂಡಳಿಗೆ. ವಕೀಲರಿಲ್ಲದೆ ತಾವೇ ಕೊಡಬಹುದು. ಕೈಲಾಗದವರ ಪರವಾಗಿ, ಅವರ ಒಪ್ಪಿಗೆ ಪಡೆದ ಬೇರೊಬ್ಬರು ಅಥವಾ ನೋಂದಾಯಿತ ಸಂಸ್ಥೆ ಕೊಡಬಹುದು. ನೋಟಿಸು ತಲುಪಿದ 90 ದಿನದೊಳಗೆ ತೀರ್ಮಾನ ಆಗಬೇಕು, ತೀರಾ ಅಗತ್ಯ ಬಿದ್ದರೆ ಇನ್ನೊಂದು 30 ದಿನ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು.

ಆಸ್ತಿ ಬರೆದುಕೊಡುವ ವಿಷಯದಲ್ಲಿ ಬಹಳ ಎಚ್ಚರ ಬೇಕು. ಈ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ 60 ದಾಟಿದವರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ, ಈ ಕಾನೂನನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದು ಹೇಳಿ ಆಸ್ತಿಯನ್ನು ತಾಯಿಗೆ ಮರಳಿ ಕೊಡಿಸಿತು. ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ಕಾಗದ ಕೆಲಸಕ್ಕೆ ಬಂತು. ಆದ್ದರಿಂದ ದಾನಪತ್ರ ಬರೆಸುವುದಾದರೆ ಊಟ, ವಸತಿ, ಔಷಧಿಯ ಷರತ್ತು ಅದರಲ್ಲೇ ಇರಲಿ. ಇಲ್ಲದಿದ್ದರೆ ಉಯಿಲು ಬರೆಯಿರಿ. ಬದುಕಿರುವ ತನಕ ಉಯಿಲನ್ನು ಬದಲಾಯಿಸಬಹುದು.

ತಾಯಂದಿರಿಗೆ ಇನ್ನೊಂದು ದಾರಿಯಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಂಡತಿಗೆ ಮಾತ್ರ ಅಲ್ಲ, ಒಂದೇ ಮನೆಯಲ್ಲಿ ಬಾಳುವ ತಾಯಿಗೂ ಸಲ್ಲುತ್ತದೆ. ರಕ್ಷಣಾಧಿಕಾರಿಗಳಾಗಿರುವ ಸಿ.ಡಿ.ಪಿ.ಒ. ಅವರನ್ನು ಕಾಣಬಹುದು.

ಸೊಸೆಯಂದಿರೂ ಇಲ್ಲಿ ಕೂತಿದ್ದೀರಿ. ಎಲ್ಲದಕ್ಕೂ ಸೊಸೆಯೇ ಕಾರಣ ಎನ್ನುವುದು ನಮ್ಮ ಕೆಟ್ಟ ಅಭ್ಯಾಸ. ಅತ್ತೆಗೆ ಹೊಡೆಯುವ ಕೈ ಹೆಂಡತಿಗೂ ಹೊಡೆಯುತ್ತಿರಬಹುದು. ಹಿರಿಯರ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕು ಕಿತ್ತುಕೊಳ್ಳುವ ಉಪಾಯವಾಗಿ ಬಳಸಬಾರದೆಂದು ಬೆಂಗಳೂರಿನ ಪ್ರಕರಣವೊಂದರಲ್ಲಿ 2020ರಲ್ಲಿ ಸುಪ್ರೀಂ ಕೋರ್ಟೇ ತಿಳಿಸಿದೆ. ಅತ್ತೆ ಸೊಸೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ.

ಊರಿಗೆ ಹೋದ ಮೇಲೆ

ನಿಮ್ಮಿಂದ ಮೂರು ಕೆಲಸ ಕೇಳುತ್ತೇನೆ.

ಒಂದು, ಸಭೆಗೆ ಬರುವುದನ್ನು ಒಮ್ಮೆಲೇ ನಿಲ್ಲಿಸಿದ ಹಿರಿಯ ಸದಸ್ಯರ ಮನೆಗೆ ಈ ತಿಂಗಳೇ ಹೋಗಿ ಬನ್ನಿ.

ಎರಡು, ಈ ನಂಬರುಗಳನ್ನು ಸಂಘದ ಪುಸ್ತಕದ ಮೊದಲ ಹಾಳೆಯಲ್ಲಿ ದೊಡ್ಡದಾಗಿ ಬರೆಯಿರಿ: ತುರ್ತಿಗೆ 112, ಹಿರಿಯರ ಸಹಾಯವಾಣಿ 14567, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಹಿರಿಯರ ಫೋನಿನಲ್ಲಿ ನೀವೇ ಹಾಕಿಕೊಡಿ.

ಮೂರು, ಇಂಥ ನೋವಿರುವ ನಾಲ್ಕೈದು ಹೆತ್ತವರು ತಿಂಗಳಿಗೊಮ್ಮೆ ಒಟ್ಟಿಗೆ ಕೂರುವಂತೆ ಮಾಡಿ. "ನನ್ನ ಮನೇಲಿ ಮಾತ್ರ ಹೀಗೆ" ಎಂದುಕೊಂಡು ಕುಗ್ಗಿದ ತಾಯಿ, ಪಕ್ಕದವಳದ್ದೂ ಅದೇ ಕಥೆ ಎಂದು ತಿಳಿದಾಗ ತಲೆ ಎತ್ತುತ್ತಾಳೆ. ಅಪ್ಪಂದಿರನ್ನೂ ಕರೆಯಿರಿ. ಗಂಡಸರು ಇದನ್ನು ಹೇಳಿಕೊಳ್ಳುವುದು ಇನ್ನೂ ಕಷ್ಟ.

ಮಕ್ಕಳನ್ನು ದೂರ ಮಾಡಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಹೆತ್ತವರು ತಮ್ಮ ಮನೆಯಲ್ಲಿ ಹೆದರದೆ ಎರಡು ತುತ್ತು ಉಂಡು ಮಲಗುವಂತಾಗಲಿ ಎಂದಷ್ಟೇ ನಮ್ಮ ಆಸೆ. ಅವರ ಮಗನೂ ಮನುಷ್ಯನಾಗಿ ಆ ಮನೆಗೆ ಮರಳಲಿ.