ತೊಟ್ಟಿಯ ಮನೆಗೆ ಹೊಸ ತಂತಿ

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿರುವ ನಮ್ಮ ತೊಟ್ಟಿಯ ಮನೆಗೆ ನೂರು ವರ್ಷ ದಾಟಿದೆ. ಅದರ ಕಂಬ ತೊಲೆಗಳು ಹೆಗ್ಗಡದೇವನಕೋಟೆಯ ಕಾಡಿನಿಂದ ಬಂದವೆಂದು ಅಜ್ಜ ಹೇಳುತ್ತಿದ್ದರು. ವಿದ್ಯುತ್ತು ಬಂದದ್ದು ಮಾತ್ರ 1967ರಲ್ಲಿ. ಕೃಷ್ಣರಾಜನಗರದ ಬದಿಯಲ್ಲಿ ಹರಿದುಹೋಗುವ ಕಾವೇರಿ 1902ರಲ್ಲಿಯೇ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ನಡೆದಿದ್ದಳು. ನಮ್ಮ ಹಜಾರಕ್ಕೆ ಬರಲು ಆಕೆಗೆ ಅರವತ್ತೈದು ವರ್ಷ ಹಿಡಿಯಿತು. ತೇಗದ ಪಟ್ಟಿಗೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ತಂತಿ, ಪಿಂಗಾಣಿಯ ಫ್ಯೂಸು, ಗುಂಡನೆಯ ಕಪ್ಪು ಸ್ವಿಚ್ಚು, ನಾಲ್ಕು ಬಲ್ಬು: ಅಂದಿನ ವೈಭವ ಇಷ್ಟೇ.

ತಂತಿ ಹಾಗೆಯೇ ಉಳಿಯಿತು. ಅದರ ಹೊರೆ ಬೆಳೆಯಿತು. ಫ್ಯಾನು, ಮಿಕ್ಸಿ, ಫ್ರಿಜ್ಜು ಒಂದೊಂದಾಗಿ ಬಂದವು. ಬಚ್ಚಲ ಹಂಡೆಯ ಒಲೆಗೆ ಸೌದೆ ಹೊಂದಿಸುವುದು ಅಕ್ಕನಿಗೆ ಕಷ್ಟವೆಂದು ಗೀಸರನ್ನು ಹಾಕಿಸಿದವನು ನಾನೇ. ಪದೇ ಪದೇ ಫ್ಯೂಸು ಹೋಗುವುದನ್ನು ಕಂಡು ದಪ್ಪ ತಂತಿ ಕಟ್ಟಿದವನೂ ನಾನೇ. ನಮ್ಮ ಸೀಮೆಯ ರೈತ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಎದ್ದು ಕುಳಿತು ಥರ್ಮಾಮೀಟರು ನೋಡುತ್ತಾನೆ. ಅದೇ ರೈತನ ಮನೆಯ ಫ್ಯೂಸಿಗೆ ಮಾತ್ರ ಕೈಗೆ ಸಿಕ್ಕಿದ ತಂತಿ. ನನ್ನ ಪಾಡೂ ಬೇರೆಯಲ್ಲ. ಮೂವತ್ತು ವರ್ಷ ಛಂದಸ್ಸಿನ ಪಾಠ ಹೇಳಿ, ಒಂದು ಮಾತ್ರೆ ಹೆಚ್ಚಾದರೆ ಸಹಿಸದಿದ್ದವನು ಆಂಪಿಯರಿನ ಲೆಕ್ಕಕ್ಕೆ ಕಿವಿಗೊಡಲಿಲ್ಲ.

ಒಂದು ದಿನ ಅಕ್ಕ, "ನಲ್ಲಿ ಮುಟ್ಟಿದರೆ ಚುರುಕ್ ಅನ್ನುತ್ತೆ ಕಣೋ" ಎಂದಳು. ವಯಸ್ಸಾದವರ ಭ್ರಮೆಯೆಂದು ನಕ್ಕುಬಿಟ್ಟೆ. ಮೂರನೆಯ ದಿನ ಬಚ್ಚಲಿನಿಂದ ಚೊಂಬು ಬಿದ್ದ ಸದ್ದು ಕೇಳಿಸಿತು. ಒದ್ದೆ ನೆಲದ ಮೇಲೆ ಅಕ್ಕ ಬಿದ್ದಿದ್ದಳು. ಬದುಕಿಕೊಂಡಳು. ಬಲಗೈಯ ಮರಗಟ್ಟು ಬಿಡಲು ಒಂದು ವಾರವಾಯಿತು. ಅಂದಿನ ನಗುವನ್ನು ನಾನಿನ್ನೂ ಮರೆತಿಲ್ಲ.

ಹುಣಸೂರಿನಿಂದ ಕರೆಸಿದ ಯುವಕ, ಐಟಿಐ ಓದಿದವನು, ಪ್ಲಗ್ಗನ್ನು ಬಿಚ್ಚಿ ತೋರಿಸಿದ. ಮೂರು ತೂತುಗಳಲ್ಲಿ ಮೇಲಿನ ದೊಡ್ಡದಕ್ಕೆ ತಂತಿಯೇ ಇರಲಿಲ್ಲ. "ಮೇಷ್ಟ್ರೇ, ಇದು ದೀಪಕ್ಕೆ ಎಳೆದ ತಂತಿ. ನೀವು ಇದರ ಮೇಲೆ ಒಲೆ ಹೊತ್ತಿಸಿದ್ದೀರಿ" ಎಂದ. ಎರಡು ಸಾವಿರ ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ನಮ್ಮದು ಐದರ ಲೈನು. ಫ್ಯೂಸು ಸರಿಯಾಗಿದ್ದರೂ ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ; ಆಂಪಿಯರುಗಟ್ಟಲೆ ಹರಿದ ಮೇಲೆ ಅದು ಕರಗುತ್ತದೆ, ಗುಂಡಿಗೆ ನಿಲ್ಲಲು ಆಂಪಿಯರಿನ ಒಂದು ಚೂರು ಸಾಕು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಮೂವತ್ತು ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದೊಡನೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿಯುವ ಸಾಧನವೊಂದಿದೆ. ಆರ್‌ಸಿಸಿಬಿ ಎಂದು ಅದರ ಹೆಸರು. ಗೀಸರಿನ ಬೆಲೆಗಿಂತ ಕಡಿಮೆಗೆ ಅದು ಸಿಗುತ್ತದೆಂದು ತಿಳಿದಾಗ ನಾಚಿಕೆಯಾಯಿತು.

ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಮಾಡಿಸಿದೆವು. ಬೇಸಗೆಯಲ್ಲಿ ಅದಕ್ಕೂ ತುಳಸಿಗೆ ಹೊಯ್ದಂತೆ ನೀರು ಹೊಯ್ಯಬೇಕು. ಮಣ್ಣಿನ ಗೋಡೆಯನ್ನು ಕೊರೆದರೆ ಉದುರುತ್ತದೆ. ಆದ್ದರಿಂದ ತೊಲೆಯ ಮಗ್ಗುಲಿನಲ್ಲೇ ಪೈಪು ಕೂಡಿಸಿ ತಂತಿ ಎಳೆದರು. ನೋಟಕ್ಕೆ ಅಷ್ಟು ಚೆನ್ನಲ್ಲ, ಇಲಿಗಳಿಗಂತೂ ಹಿಡಿಸಿಲ್ಲ.

ತಕರಾರು ಬಂದದ್ದು ತೊಟ್ಟಿಯ ವಿಷಯಕ್ಕೆ. ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಒಳಗೆಲ್ಲ ಎ.ಸಿ. ಹಾಕಿಸೋಣವೆಂದು ಮಗನ ಹಟ. ಎರಡಡಿ ದಪ್ಪದ ಗೋಡೆ ಹಗಲಿನ ಬಿಸಿಲನ್ನು ಒಳಕ್ಕೆ ಬಿಡಲು ಸಂಜೆಯವರೆಗೆ ತಡಮಾಡುತ್ತದೆ. ಕಾದ ಗಾಳಿ ಮೇಲೇರಿ ತೊಟ್ಟಿಯ ಬಾಯಿಂದ ಹೊರಟುಹೋಗುತ್ತದೆ. ತಂಪುಗಾಳಿ ಬಾಗಿಲಿನಿಂದ ಒಳಕ್ಕೆ ಬರುತ್ತದೆ. ಆ ಬಾಯನ್ನು ಹಾಳೆಯಿಂದ ಮುಚ್ಚಿದರೆ ಬಿಸಿಲು ಒಳಗೆ ಇಳಿಯುತ್ತದೆ, ಕಾವು ಹೊರಗೆ ಹೋಗುವುದಿಲ್ಲ. ಆಮೇಲೆ ಅದನ್ನು ತಣಿಸಲು ಯಂತ್ರ ದುಡಿಯಬೇಕು. ಶಾಖದ ವಿದ್ಯೆಯನ್ನು ನಮ್ಮ ಮನೆ ಕಟ್ಟುವಾಗಲೇ ಕಲಿತಿತ್ತು. ಅದಕ್ಕೆ ಗೊತ್ತಿಲ್ಲದ್ದು ವಿದ್ಯುತ್ತೊಂದೇ. ನಾನು ಹೀಗೆಂದಾಗ ಮಗ, "ಅಪ್ಪಾ, ನಿಮ್ಮ ಮನೆ ಏಪ್ರಿಲ್ ಮಧ್ಯಾಹ್ನದಲ್ಲೂ ಪಾಠ ಹೇಳುತ್ತದೆಯೇ?" ಎಂದು ಕೇಳಿದ. ಅವನ ಮಾತೂ ಸುಳ್ಳಲ್ಲ. ಅವನು ಮಲಗುವ ಕೋಣೆಯೊಂದಕ್ಕೆ ಪ್ರತ್ಯೇಕ ಲೈನು ಎಳೆಸಿ ಎ.ಸಿ. ಇರಿಸಿದೆವು. ತೊಟ್ಟಿ ತೆರೆದೇ ಇದೆ.

ಆ ಹೊಸ ಸಾಧನದ ಮೇಲೆ ಪರೀಕ್ಷೆಯ ಗುಂಡಿಯೊಂದಿದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕೆಂದು ಯುವಕ ಹೇಳಿ ಹೋಗಿದ್ದ. ಕೆಲಸವನ್ನು ಅಕ್ಕ ತಾನೇ ವಹಿಸಿಕೊಂಡಿದ್ದಾಳೆ. ಅಮಾವಾಸ್ಯೆಯ ಸಂಜೆ, ದೇವರ ದೀಪ ಹಚ್ಚಿದ ಮೇಲೆ, ಸ್ಟೂಲು ಹತ್ತಿ ಗುಂಡಿ ಒತ್ತುತ್ತಾಳೆ. ಮನೆಯೆಲ್ಲ ಕತ್ತಲಾಗುತ್ತದೆ. "ಸರಿಯಾಗಿದೆ" ಎಂದು ಕತ್ತಲಲ್ಲೇ ಕೂಗಿ ಹೇಳುತ್ತಾಳೆ.